ಥ್ಯಾಂಕ್ಸ್ ಹೇಳಬಾರದ ಗಿಡ

೧ ಫೆಬ್ರವರಿ ೧೯೭೪, ಶುಕ್ರವಾರ

ತಮ್ಮ ಮ್ಯಾಲಕಿ ಕ್ರಿಸ್ಮಸ್‌ಗೆ ಕೊಟ್ಟ ಡೈರಿ ಇದು. ಕೊಟ್ಟು ನಾಲ್ಕು ವಾರ ಆಗುವಷ್ಟರಲ್ಲಿ ಅವನೇ ಹೋಗಿಬಿಟ್ಟ. ನನಗಿಂತ ಮೂರು ವರ್ಷ ಚಿಕ್ಕವನು. ನನ್ನ ಶವಪೆಟ್ಟಿಗೆಗೆ ಹೆಗಲು ಕೊಡಬೇಕಾಗಿದ್ದವನ ಪೆಟ್ಟಿಗೆಯ ಹಿಂದೆ ನಾನು ನಡೆದೆ. ಇಷ್ಟು ದಿನ ಬರೆಯುವಂಥದ್ದೇನೂ ಇರಲಿಲ್ಲ, ಇವತ್ತು ಇದೆ.

ವಕೀಲರು ಉಯಿಲು ಓದಿದರು. ಮನೆ, ಹೊಲ, ದನ ಎಲ್ಲ ಅವನ ಹೆಂಡತಿ ಅಟ್ರಾಕ್ಟಾಗೆ. ಅಕ್ಕ ಹನೋರಾಗೆ, ಅಂದರೆ ನನಗೆ, ಬದುಕಿರುವ ತನಕ ಮನೆಯಲ್ಲಿ ಇರುವ ಹಕ್ಕು: ಮೆಟ್ಟಿಲ ಪಕ್ಕದ ಕೋಣೆ, ಒಲೆಯ ಬಲಕ್ಕೆ ಒಂದು ಕುರ್ಚಿ, ಉರಿಸಲು ಬೇಕಾದಷ್ಟು ಒಣ ಜೌಗುಮಣ್ಣಿನ ಹೆಂಟೆ, ದಿನಕ್ಕೊಂದು ಜಗ್ ಹಾಲು. ಮದುವೆಯಾಗದ ಅಕ್ಕತಂಗಿಯರಿಗೆ ನಮ್ಮ ಕಡೆ ಎಲ್ಲರೂ ಹೀಗೇ ಬರೆಯುವುದು. ಅದಕ್ಕೆ ನನ್ನ ತಕರಾರಿಲ್ಲ.

ಆದರೆ ತೋಟ? ಮನೆಯ ಹಿಂದಿನ ಹೇಜಲ್ ತೋಪು, ಆ ನೆರಳಲ್ಲಿ ಮೊದಲು ಅಮ್ಮ, ಆಮೇಲೆ ನಾನು, ಮಂಡಿಯೂರಿ ಬೆಳೆಸಿದ್ದೆಲ್ಲ? ಅದರ ಬಗ್ಗೆ ಒಂದಕ್ಷರವಿಲ್ಲ. ಬಾಯಿ ಬಿಟ್ಟು ಕೇಳಿದೆ. "ತೋಪು ಹೊಲದ ಜತೆ ಸೇರುತ್ತೆ ಹನೋರಾ ಅವರೇ, ಬೇರೆ ಹೇಳಬೇಕಾಗಿಲ್ಲ," ಅಂದರು ವಕೀಲರು. ಹಾಲಿನ ಜಗ್ ನೆನಪಿಟ್ಟು ಬರೆಸಿದ ತಮ್ಮನಿಗೆ ನನ್ನ ತೋಟ ನೆನಪಾಗಲಿಲ್ಲ. ಅಥವಾ ಯಾರೋ ನೆನಪಾಗಲು ಬಿಡಲಿಲ್ಲ.

ಮನೆಗೆ ಬರುವಾಗ ದಾರಿಯಲ್ಲಿ ಅಟ್ರಾಕ್ಟಾ, "ಏನೂ ಬದಲಾಗಲ್ಲ ಹನೋರಾ," ಅಂದಳು. ಏನೂ ಬದಲಾಗದಿರುವುದಕ್ಕೆ ವಕೀಲರ ಮನೆಗೆ ಯಾಕೆ ಹೋಗಬೇಕಿತ್ತು ಅಂತ ಕೇಳಬೇಕೆಂದಿದ್ದೆ. ಮಳೆ ಜೋರಾಯಿತು.

೧೧ ಫೆಬ್ರವರಿ, ಸೋಮವಾರ

ತೋಪಿನಲ್ಲಿ ಹೋದ ವರ್ಷದ ಎಲೆಗೊಬ್ಬರ ಹರಡಿದೆ. ಹೆಲೆಬೋರ್ ತಲೆ ಬಗ್ಗಿಸಿಕೊಂಡು ಅರಳಿದೆ. ಅನಿಮೋನಿ ಇನ್ನೂ ಮಣ್ಣೊಳಗೆ. ಅಮ್ಮನ ಬಿಳಿಗೆ ಎಲೆ ಚಿಗುರಿದೆ.

ಅಮ್ಮನ ಬಿಳಿ ಅಂದರೆ ಎಸಳಿನ ಸುತ್ತು ಹೆಚ್ಚಿರುವ ಹಳೇ ಪ್ರಿಮ್‌ರೋಸ್. ಒಂದೊಂದು ಹೂವೂ ಪುಟ್ಟ ಗುಲಾಬಿಯಷ್ಟು ದಟ್ಟ. ಅಮ್ಮ ತವರಿನಿಂದ ಕರವಸ್ತ್ರದಲ್ಲಿ ಸುತ್ತಿಕೊಂಡು ತಂದದ್ದು. ಅದು ಬೀಜ ಕಟ್ಟುವುದಿಲ್ಲ. ಎರಡು ವರ್ಷಕ್ಕೊಮ್ಮೆ, ಹೂ ಮುಗಿದ ಮೇಲೆ, ಮಳೆ ನೋಡಿಕೊಂಡು ಬುಡ ಬಿಡಿಸಿ ಹೊಸ ಮಣ್ಣಿಗೆ ಹಾಕದಿದ್ದರೆ ಸೊರಗಿ ಸಾಯುತ್ತದೆ. ಸುತ್ತಲಿನ ನಾಲ್ಕು ಊರಲ್ಲಿ ಇದ್ದದ್ದು ನನ್ನ ಹತ್ತಿರ ಮಾತ್ರ. ನಾನು ಯಾರಿಗೂ ಕೊಡುವುದಿಲ್ಲ.

ಕೊಟ್ಟದ್ದು ಒಂದೇ ಸಲ. ಅಟ್ರಾಕ್ಟಾ ಮದುವೆಯಾಗಿ ಬಂದ ವಸಂತದಲ್ಲಿ ಅಮ್ಮ, "ಹೊಸ ಸೊಸೆಗೆ ಒಂದು ಬುಡ ಕೊಡು," ಅಂದರು. ಕೊಟ್ಟೆ. ಇವಳು ಎರಡೂ ಕೈಲಿ ತೆಗೆದುಕೊಂಡು, ಎಲ್ಲರೆದುರು, "ತುಂಬಾ ಥ್ಯಾಂಕ್ಸ್ ಹನೋರಾ," ಅಂದುಬಿಟ್ಟಳು. ಗಿಡ ಕೊಟ್ಟವರಿಗೆ ಥ್ಯಾಂಕ್ಸ್ ಹೇಳಬಾರದು, ಹೇಳಿದರೆ ಗಿಡ ಉಳಿಯುವುದಿಲ್ಲ. ನಮ್ಮ ಕಡೆ ನಡೆಯಲು ಕಲಿಯುವ ಮಗುವಿಗೂ ಗೊತ್ತಿರುವ ಮಾತು ಇದು. ಪಟ್ಟಣದವರಿಗೆ ಯಾರು ಹೇಳಬೇಕು? ಹತ್ತು ದಿನಕ್ಕೆ ಗಿಡ ಬಾಡಿ ಮಲಗಿತು. ನಾನೇ ಕಿತ್ತು ಬೂದಿಗುಂಡಿಗೆ ಎಸೆದೆ. ಅವಳ ಕೈಯಲ್ಲಿ ಏನೂ ಬದುಕುವುದಿಲ್ಲ ಅಂತ ಅವತ್ತು ಹೇಳಿದ ಮಾತು ಇಂದಿಗೂ ಸುಳ್ಳಾಗಿಲ್ಲ. ಆ ಹೆಬ್ಬಾತುಗಳನ್ನು ಬಿಟ್ಟರೆ ಅವಳು ಏನು ಬೆಳೆಸಿದ್ದಾಳೆ? ಕರುಕೊಟ್ಟಿಗೆಯ ಹಿಂದೆ ಹಲಗೆ ಬೇಲಿ ಹಾಕಿಕೊಂಡು ಅವುಗಳ ಜತೆ ಹೊತ್ತು ಕಳೆಯುತ್ತಾಳೆ. ಆ ಕಡೆ ನಾನು ಕಾಲಿಡುವುದಿಲ್ಲ. ಗಂಡು ಬಾತು ಒಮ್ಮೆ ನನ್ನ ಮೀನಖಂಡ ಹಿಡಿದಿತ್ತು, ಕಲೆ ಇನ್ನೂ ಇದೆ.

ಇವತ್ತು ಆ ಮಹಾರಾಯಿತಿ ನೋಟ್‌ಬುಕ್ ಹಿಡಿದು ತೋಪಿಗೆ ಬಂದಳು. "ಇದರ ಹೆಸರೇನು ಹನೋರಾ? ಇದರದ್ದು?" ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ. ನಾಲ್ಕು ಹೆಸರು ಹೇಳಿದೆ, ಅದರಲ್ಲಿ ಎರಡು ಸುಳ್ಳು. ಬರೆದುಕೊಂಡು ಹೋದಳು.

೧೯ ಫೆಬ್ರವರಿ, ಮಂಗಳವಾರ

ಮ್ಯಾಲಕಿಯ ತಿಂಗಳ ಪೂಜೆ. ಚರ್ಚಿನಲ್ಲಿ ಜನ ಕಡಿಮೆ. ಎಲ್ಲರೂ ಅವಳ ಕೈ ಹಿಡಿದು ಮಾತಾಡಿಸಿದರು. ನಾನು ಅವನನ್ನು ತೊಟ್ಟಿಲಿಂದ ಎತ್ತಿ ಆಡಿಸಿದವಳು ಅನ್ನುವುದು ಇವರಲ್ಲಿ ಯಾರಿಗೂ ನೆನಪಿಲ್ಲ.

೬ ಮಾರ್ಚ್, ಬುಧವಾರ

ತೋಪಿನಲ್ಲಿ ಒಬ್ಬ ಗಂಡಸು, ಕೈಯಲ್ಲಿ ಅಳತೆ ಪಟ್ಟಿ. ಹೊಳೆಯುವ ಬೂಟು. ಅನಿಮೋನಿಯ ಮೊಳಕೆ ಮೇಲೇ ನಿಂತಿದ್ದಾನೆ.

"ಯಾರಪ್ಪಾ ನೀನು?"

"ಲಾವಿನ್ ಅಂತ. ಬಂಗಲೆ ಕಟ್ಟಿಸೋಕೆ ಜಾಗ ನೋಡ್ತಿದ್ದೀನಿ. ಬೇಸಿಗೆಗೆ ಬಂದು ಇರೋಕೆ. ಈ ಮರ ಎಲ್ಲ ತೆಗೆದರೆ ಸರೋವರ ಚೆನ್ನಾಗಿ ಕಾಣುತ್ತೆ ಅಲ್ವಾ?"

"ಮೊದಲು ಕಾಲು ತೆಗಿ. ಗಿಡದ ಮೇಲೆ ನಿಂತಿದ್ದೀಯ."

ಅವನು ಕೆಳಗೆ ನೋಡಿದ. ಅವನಿಗೆ ಎಲೆ ಬಿಟ್ಟು ಬೇರೇನೂ ಕಾಣಲಿಲ್ಲ.

ಒಳಗೆ ಬಂದು ಅಟ್ರಾಕ್ಟಾಳನ್ನು ಕೇಳಿದೆ. ಅವಳು ಬ್ರೆಡ್ಡಿನ ಹಿಟ್ಟು ನಾದುತ್ತಿದ್ದಳು, ಕೈ ನಿಲ್ಲಿಸಲಿಲ್ಲ. "ನೋಡಲಿ ಬಿಡಿ. ನೋಡಿದವರೆಲ್ಲ ತಗೊಳ್ಳಲ್ಲ. ನಾನೊಬ್ಬಳೇ ಇಷ್ಟು ಹೊಲ ನೋಡಿಕೊಳ್ಳೋಕಾಗುತ್ತಾ?"

"ಒಬ್ಬಳೇ ಅಂತೀಯಲ್ಲ, ನಾನು ಯಾರು?"

"ನೀವು ತೋಪಿನಲ್ಲಿರ್ತೀರಿ ಹನೋರಾ. ಯಾವಾಗ್ಲೂ ತೋಪಿನಲ್ಲೇ ಇರ್ತೀರಿ."

ನೋಟ್‌ಬುಕ್ ಯಾಕೆ ಅಂತ ಈಗ ಗೊತ್ತಾಯಿತು. ಮಾರುವ ಮೊದಲು ಸಾಮಾನಿನ ಪಟ್ಟಿ ಮಾಡಿಕೊಂಡಿದ್ದಾಳೆ.

೭ ಮಾರ್ಚ್, ಗುರುವಾರ

ಇದನ್ನು ಬರೆಯಲು ನಾಚಿಕೆಯಾಗಬೇಕಿತ್ತು, ಆಗುತ್ತಿಲ್ಲ. ವರ್ಷದ ಮೊದಲ ಪ್ರಿಮ್‌ರೋಸ್ ಮನೆಯೊಳಗೆ ತರುವಾಗ ಹದಿಮೂರಕ್ಕೆ ಕಡಿಮೆ ತರಬಾರದು. ಎಷ್ಟು ಹೂ ಒಳಗೆ ಬರುತ್ತದೋ ಆ ವರ್ಷ ಕೋಳಿ, ಬಾತಿಗೆ ಅಷ್ಟೇ ಮರಿ ಅಂತಾರೆ. ಅವಳ ಹೆಣ್ಣು ಬಾತು ಈ ವಾರ ಕಾವಿಗೆ ಕೂತಿದೆ. ನಾನು ಬೇಲಿ ಪಕ್ಕದ ಕಾಡು ಪ್ರಿಮ್‌ರೋಸ್ ಒಂದೇ ಒಂದು ಕಿತ್ತು, ಮೊಟ್ಟೆ ಬಟ್ಟಲಲ್ಲಿ ನೀರು ಹಾಕಿ, ಅಡುಗೆಮನೆ ಮೇಜಿನ ಮಧ್ಯದಲ್ಲಿಟ್ಟೆ.

ಅವಳು ಬಂದಳು, ನೋಡಿದಳು, ಟೀ ಬಗ್ಗಿಸಿದಳು. ಇಷ್ಟು ವರ್ಷ ನಮ್ಮೂರಲ್ಲಿದ್ದು ಇದರ ಅರ್ಥ ಗೊತ್ತಿಲ್ಲದೆ ಇರುತ್ತದಾ?

೯ ಮಾರ್ಚ್, ಶನಿವಾರ

ಬೆಳಿಗ್ಗೆ ಎದ್ದು ನೋಡಿದರೆ ಬಟ್ಟಲ ಪಕ್ಕ ಒಂದು ಗಾಜಿನ ಲೋಟ. ಅದರಲ್ಲಿ ಹನ್ನೆರಡು ಹೂ. ನನ್ನದೊಂದು, ಅವಳದು ಹನ್ನೆರಡು, ಸೇರಿಸಿದರೆ ಹದಿಮೂರು. ಲೋಟದಲ್ಲಿದ್ದದ್ದು ಅಮ್ಮನ ಬಿಳಿ.

ಚಪ್ಪಲಿಯಲ್ಲೇ ತೋಪಿಗೆ ಓಡಿದೆ. ಅಮ್ಮನ ಬಿಳಿಯಲ್ಲಿ ಹೂ ಇತ್ತು, ಆದರೆ ಕಡಿಮೆ ಅನ್ನಿಸಿತು. ನಿನ್ನೆ ಎಣಿಸಿರಲಿಲ್ಲ. ಎಣಿಸಬೇಕಾಗಿಯೂ ಇಲ್ಲ, ನನ್ನ ಗಿಡ ನನಗೆ ಗೊತ್ತಿಲ್ಲವಾ?

"ನನ್ನ ತೋಟಕ್ಕೆ ಕೈ ಹಾಕಿದ್ದೀಯ," ಅಂದೆ.

"ಇಲ್ಲ," ಅಂದಳು. ಅಷ್ಟೇ. ಮುಖದಲ್ಲಿ ಒಂದು ಥರದ ನಗು, ಮಾತು ಮುಂದುವರಿಸಲಿ ಅಂತ ಕಾಯುತ್ತಿರುವವಳ ಹಾಗೆ ನಿಂತಿದ್ದಳು. ಕಣ್ಣೆದುರಿಗೆ ಇಟ್ಟುಕೊಂಡು ಇಲ್ಲ ಅನ್ನುತ್ತಾಳೆ. ನಾನು ಬೆನ್ನು ಹಾಕಿ ಬಂದೆ.

೧೨ ಮಾರ್ಚ್, ಮಂಗಳವಾರ

ನಿರ್ಧಾರ ಮಾಡಿಯಾಯಿತು. ಮನೆ ಅವಳದು, ಮಣ್ಣು ಅವಳದು, ಆಗಲಿ. ಗಿಡ ನನ್ನದು. ಲಾವಿನ್‌ಗೆ ಬರಿಯ ಮಣ್ಣು ಮಾರಿಕೊಳ್ಳಲಿ.

ಎರಡು ಮೈಲಿ ಆಚೆ ಚಿಕ್ಕಪ್ಪನ ಮಗಳು ಕನ್ಸೆಪ್ಟಾ ಇದ್ದಾಳೆ, ಅವಳ ಹಳೇ ಸೇಬಿನ ತೋಟಕ್ಕೆ ಕಲ್ಲುಗೋಡೆ ಇದೆ. ಕೇಳಿದೆ.

"ಹಾಕ್ಕೋ ಕಣೇ, ನನಗೇನು," ಅಂದಳು. "ಆದರೆ ಹೂ ಬಿಡೋ ಕಾಲದಲ್ಲಿ ಯಾರಾದರೂ ಗಿಡ ಕೀಳ್ತಾರಾ? ಆಲೂಗಡ್ಡೆ ಬಿಟ್ಟು ಏನೂ ನೆಡದ ನನಗೇ ಗೊತ್ತು ಅದು."

"ನಿನ್ನ ಗೇಟಿಗೆ ಚಿಲಕ ಇದೆಯಾ?"

"ಇದೆ. ಬಿಗಿಯಾಗಿ ಎಳಿಬೇಕು."

ಸೈಕಲ್ಲಿನ ಎರಡೂ ಕಡೆ ಬುಟ್ಟಿ ಕಟ್ಟಿದೆ. ಅಟ್ರಾಕ್ಟಾ ಹಾಲು ಕೊಡಲು ಹೋದಾಗ ಮೂರು ಹೆಲೆಬೋರ್, ಏಳು ಬುಡ ನೀಲಿ ಪ್ರಿಮ್‌ರೋಸ್ ಸಾಗಿಸಿದೆ. ಗುಂಡಿಗಳ ಮೇಲೆ ಒಣ ಎಲೆ ಹರಡಿದೆ.

೧೮ ಮಾರ್ಚ್, ಸೋಮವಾರ

ಲಾವಿನ್‌ನ ಕಾರು ಬಂತು. ಅವನು ಒಳಗೆ ಹತ್ತು ನಿಮಿಷವೂ ಇರಲಿಲ್ಲ. ಬಾಗಿಲಲ್ಲಿ ಅವಳ ಕೈ ಕುಲುಕಿ ಹೋದ. ಇಷ್ಟು ಬೇಗ ವ್ಯವಹಾರ ಮುಗಿಯಿತು ಅಂದರೆ ಮೊದಲೇ ಮಾತಾಗಿತ್ತು.

ಊಟಕ್ಕೆ ಕೂತಾಗ, "ಹನೋರಾ, ತೋಪಿನ ವಿಷಯ ನಿಮ್ಮ ಹತ್ತಿರ ಒಂದು ಮಾತು," ಅಂತ ಶುರು ಮಾಡಿದಳು.

"ನಿನ್ನ ಆಸ್ತಿ, ನಿನ್ನಿಷ್ಟ. ನನಗೆ ಕುರ್ಚಿ ಇದೆ, ಜಗ್ ಹಾಲಿದೆ," ಅಂದು ತಟ್ಟೆ ಎತ್ತಿಕೊಂಡು ನನ್ನ ಕೋಣೆಗೆ ಬಂದೆ. ಆಲೂಗಡ್ಡೆ ತಣ್ಣಗಾಗಿತ್ತು, ಹಾಗೇ ತಿಂದೆ.

೨೯ ಮಾರ್ಚ್, ಶುಕ್ರವಾರ

ಹದಿನೈದು ದಿನದಿಂದ ಹನಿ ಮಳೆಯಿಲ್ಲ. ಮೂಡಣ ಗಾಳಿ, ಮಣ್ಣೆಲ್ಲ ಬೂದಿ. ಇಂಥ ಗಾಳಿಯಲ್ಲಿ ನೆರಳಿನ ಗಿಡ ಕಿತ್ತವರನ್ನು ಕಂಡರೆ ಅಮ್ಮ ಕಿವಿ ಹಿಂಡುತ್ತಿದ್ದರು. ಕಿತ್ತೆ. ಅನಿಮೋನಿ ಬೇರು ಒಣಕಡ್ಡಿಯಂತೆ ಇರುತ್ತದೆ, ಅರ್ಧ ಮುರಿದುಹೋಯಿತು. ಟ್ರಿಲಿಯಂ ಮೊಗ್ಗಿನಲ್ಲಿತ್ತು. ಹದಿನಾಲ್ಕು ವರ್ಷ ಕಾದು ಹೂ ಕಂಡ ಗಿಡ, ಬುಟ್ಟಿಯಲ್ಲೇ ತಲೆ ಚೆಲ್ಲಿತು.

ದಿನಾ ನಾಲ್ಕು ಮೈಲಿ ಸೈಕಲ್ಲು, ಬಕೆಟ್ಟಲ್ಲಿ ನೀರು ಹೊರುವುದು. ಅರವತ್ತೊಂದು ವರ್ಷದ ಸೊಂಟ ಇದು. ಯಾರಿಂದ ಈ ಗತಿ ಬಂತು ಅಂತ ದಾರಿಯುದ್ದಕ್ಕೂ ನೆನೆಸಿಕೊಳ್ಳುತ್ತೇನೆ, ಏರು ದಾರಿಯಲ್ಲಿ ಕಾಲಿಗೆ ಬಲ ಬರುತ್ತದೆ.

ನಿನ್ನೆ ಅಡುಗೆಮನೆಯಲ್ಲಿ ನನ್ನ ಕುರ್ಚಿಯ ಮೇಲೆ ಸೊಂಟಕ್ಕೆ ಹಚ್ಚುವ ಎಣ್ಣೆ ಸೀಸೆ ಇತ್ತು. ನಾನು ಮುಟ್ಟಲಿಲ್ಲ. ಇವತ್ತು ಸ್ವಲ್ಪ ಹಚ್ಚಿಕೊಂಡೆ.

೮ ಏಪ್ರಿಲ್, ಸೋಮವಾರ

ಬಾತು ಮರಿ ಮಾಡಿದೆ. ಒಂಬತ್ತು. ಒಂದೂ ಅಲ್ಲ, ಹದಿಮೂರೂ ಅಲ್ಲ.

೧೦ ಏಪ್ರಿಲ್, ಬುಧವಾರ

ಇವತ್ತು ಅಮ್ಮನ ಬಿಳಿ ಕಿತ್ತೆ. ಕೊನೆಗೆ ಉಳಿದಿದ್ದದ್ದು ಅದೊಂದೇ. ಇನ್ನೂ ಹೂವಿತ್ತು. ಒಂದು ಬುಡವನ್ನಾದರೂ ಅಲ್ಲೇ ಬಿಡು ಅಂತ ಮನಸ್ಸು ಹೇಳಿತು. ಬಿಟ್ಟರೆ ಅವಳಿಗೆ ಸಿಗುತ್ತದೆ. ಐದು ಬುಡವನ್ನೂ ಒದ್ದೆ ಗೋಣಿಯಲ್ಲಿ ಸುತ್ತಿ ತೆಗೆದುಕೊಂಡು ಹೋದೆ. ಕನ್ಸೆಪ್ಟಾಳ ತೋಟದಲ್ಲಿ ನೆಟ್ಟು ನೀರು ಹಾಕಿ, ಗೇಟಿನ ಚಿಲಕ ಬಿಗಿಯಾಗಿ ಎಳೆದೆ. ಎಳೆದೆ ಅಂತಲೇ ನೆನಪು.

ತೋಪಿನಲ್ಲಿ ಈಗ ಏನೂ ಇಲ್ಲ. ಸಾಯಂಕಾಲ ಹೋಗಿ ಸ್ವಲ್ಪ ಹೊತ್ತು ನಿಂತಿದ್ದೆ. ಕೈಗೆ ಕೆಲಸವಿರಲಿಲ್ಲ.

೧೬ ಏಪ್ರಿಲ್, ಮಂಗಳವಾರ

ಈಸ್ಟರ್‌ಗೆ ಮೊಣಕಾಲು ಊದಿ ಮಲಗಿದ್ದೆ. ಐದು ದಿನ ಹೋಗಲಾಗಲಿಲ್ಲ. ಇವತ್ತು ಹೋದೆ.

ಗೇಟು ತೆರೆದಿತ್ತು. ಕನ್ಸೆಪ್ಟಾಳ ನಲವತ್ತು ಕೋಳಿ ಒಳಗೆ. ಒಂದು ಬುಡವೂ ಉಳಿದಿಲ್ಲ. ನೆಲವೆಲ್ಲ ಕೆರೆದು ಗುಂಡಿ ಮಾಡಿ, ಆ ಗುಂಡಿಯಲ್ಲಿ ಆರಾಮಾಗಿ ಮಲಗಿ ಧೂಳು ಮೀಯುತ್ತಿವೆ. ಅಮ್ಮನ ಬಿಳಿಯ ಬೇರು ಬಿಸಿಲಿಗೆ ಬಿದ್ದು ಒಣಗಿ ದಾರವಾಗಿತ್ತು. ಐದೂ.

ಕನ್ಸೆಪ್ಟಾ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಬಂದಳು. "ಅಯ್ಯೋ ಹನೋರಾ. ನಾನು ಈ ಕಡೆ ಬಂದೇ ಇಲ್ಲ ಕಣೇ. ಮನೆ ತುಂಬ ಮಕ್ಕಳು ಮೊಮ್ಮಕ್ಕಳು."

"ಚಿಲಕ ಹಾಕಿದ್ದೆ ನಾನು."

"ಹಾಕಿರ್ತೀಯ. ಬೈಬೇಕಂದ್ರೆ ಬೈದುಬಿಡು, ಇಟ್ಟುಕೋಬೇಡ. ನೀನು ಇಟ್ಟುಕೊಂಡರೆ ಇಪ್ಪತ್ತು ವರ್ಷ ಇಟ್ಟುಕೊಳ್ತೀಯ."

ಬೈಯಲಿಲ್ಲ. ಸೈಕಲ್ ತಳ್ಳಿಕೊಂಡೇ ಬಂದೆ, ಹತ್ತಲು ಆಗಲಿಲ್ಲ. ದಾರಿಯಲ್ಲಿ ಅತ್ತೆ. ಮ್ಯಾಲಕಿ ಸತ್ತಾಗ ಇಷ್ಟು ಅತ್ತಿರಲಿಲ್ಲ, ಎರಡರದ್ದೂ ಸೇರಿ ಬಂತು ಅಂತ ಕಾಣುತ್ತದೆ.

೨೨ ಏಪ್ರಿಲ್, ಸೋಮವಾರ

ಅಟ್ರಾಕ್ಟಾ ತೋಪಿಗೆ ಹೋಗಿದ್ದಾಳೆ. ಗಾಳಿಗೆ ಒಣ ಎಲೆ ಹಾರಿ ಗುಂಡಿಗಳು ಬಾಯಿ ಬಿಟ್ಟುಕೊಂಡಿದ್ದವು. ಒಳಗೆ ಬಂದು ಬೂಟಿನ ಮಣ್ಣು ಕೆರೆದಳು, ತುಂಬಾ ಹೊತ್ತು ಕೆರೆದಳು.

"ಎಲ್ಲ ಕಿತ್ತಿದ್ದೀರಿ."

"ನನ್ನವು."

"ಎಲ್ಲಿವೆ?"

"ಇರಬೇಕಾದ ಕಡೆ ಇವೆ," ಅಂದೆ. ಸುಳ್ಳು ಸಲೀಸಾಗಿ ಬಂತು.

ಅವಳು ಕೋಟು ಹಾಕಿಕೊಂಡು ಪೋಸ್ಟಾಫೀಸಿಗೆ ಹೋಗಿ ಯಾರಿಗೋ ಫೋನು ಮಾಡಿ ಬಂದಳು. ಯಾರಿಗೆ ಅಂತ ಕೇಳಲಿಲ್ಲ.

೧ ಮೇ, ಬುಧವಾರ

ಏಪ್ರಿಲ್ ಕೊನೆಯ ಸಂಜೆ ಹೊಸ್ತಿಲಿಗೆ ಪ್ರಿಮ್‌ರೋಸ್ ಚೆಲ್ಲುವುದು ಈ ಮನೆಯಲ್ಲಿ ನನ್ನ ಕೆಲಸ, ಅದಕ್ಕೂ ಮೊದಲು ಅಮ್ಮನ ಕೆಲಸ. ಮೇ ತಿಂಗಳು ಒಳಗೆ ಬರುವಾಗ ಕೆಟ್ಟದ್ದು ಹೊರಗೇ ಉಳಿಯಲಿ, ಹಾಲು ಬೆಣ್ಣೆ ಕೆಡದಿರಲಿ ಅಂತ. ಒಂದು ವರ್ಷವೂ ತಪ್ಪಿಸಿರಲಿಲ್ಲ. ನಿನ್ನೆ ತಪ್ಪಿತು. ಬೇಲಿ ಬದಿಯವನ್ನಾದರೂ ತರಬಹುದಿತ್ತು, ಏಳುವ ಮನಸ್ಸಾಗಲಿಲ್ಲ.

ಇವತ್ತು ಬೆಳಿಗ್ಗೆ ಬಾಗಿಲು ತೆಗೆದರೆ ಹೊಸ್ತಿಲು ಬೆಳ್ಳಗಿತ್ತು. ಬಗ್ಗಿ ಒಂದನ್ನು ಎತ್ತಿಕೊಂಡೆ. ಸುತ್ತು ಹೆಚ್ಚಿರುವ ಬಿಳಿ. ಒಂದಲ್ಲ, ಹತ್ತಲ್ಲ, ಬೊಗಸೆ ಬೊಗಸೆ. ನನ್ನ ಐದು ಬುಡದಲ್ಲಿ ಒಂದು ಸಲಕ್ಕೂ ಇಷ್ಟು ಹೂ ಬಿಟ್ಟದ್ದಿಲ್ಲ.

ಹೂವಿನ ಜಾಡು ಅಂಗಳ ದಾಟಿ ಕರುಕೊಟ್ಟಿಗೆಯ ಕಡೆ ಹೋಗಿತ್ತು. ನಾನೂ ಹೋದೆ. ಗಂಡು ಬಾತು ಕತ್ತು ಚಾಚಿ ಬುಸುಗುಟ್ಟಿತು. ಹಲಗೆ ಬೇಲಿಯ ಬಾಗಿಲಲ್ಲಿ ಅಟ್ರಾಕ್ಟಾ ನಿಂತಿದ್ದಳು, ಅದನ್ನು ಕಾಲಲ್ಲಿ ಪಕ್ಕಕ್ಕೆ ತಳ್ಳಿ, "ಬನ್ನಿ," ಅಂದಳು.

ಕೊಟ್ಟಿಗೆಯ ಉತ್ತರದ ಗೋಡೆಯುದ್ದಕ್ಕೂ, ನೆರಳಲ್ಲಿ, ಸಾಲು ಸಾಲಾಗಿ ಅಮ್ಮನ ಬಿಳಿ. ನಲವತ್ತೋ ಐವತ್ತೋ ಬುಡ. ಸಗಣಿ ಗೊಬ್ಬರ, ಎಲೆಗೊಬ್ಬರ, ಒಂದು ಕಳೆಯಿಲ್ಲ. ತಪ್ಪು ಹುಡುಕಿದೆ. ಸಿಗಲಿಲ್ಲ.

"ಎಲ್ಲಿಂದ ಬಂತು?" ಅಂದೆ. ಗೊತ್ತಿದ್ದೂ ಕೇಳಿದೆ.

"ಬೂದಿಗುಂಡಿಯಿಂದ. ನೀವು ಎಸೆದ ಸಾಯಂಕಾಲಾನೇ ಎತ್ತಿಕೊಂಡು ಬಂದೆ. ಸತ್ತಿರಲಿಲ್ಲ. ಬಾಯಾರಿತ್ತು ಅಷ್ಟೇ. ಮ್ಯಾಲಕಿ ಹಲಗೆ ಹೊಡೆದುಕೊಟ್ಟ. ಅಕ್ಕನಿಗೆ ತೋರಿಸೋಣ ಅಂತ ಪ್ರತಿ ವರ್ಷ ಅನ್ನೋನು. ನಾನೇ ಬೇಡ ಅಂದೆ. ಇವರು ನೋಡಿದರೆ ನನ್ನದು ಅಂತ ಕಿತ್ತುಕೊಂಡು ಹೋಗ್ತಾರೆ ಅಂದೆ. ಅದೊಂದು ನನ್ನ ತಪ್ಪು."

"ಮಾರ್ಚಿನಲ್ಲಿ ಲೋಟದಲ್ಲಿ ಇಟ್ಟದ್ದು..."

"ಇವೇ. ಕೇಳ್ತೀರಿ ಅಂದ್ಕೊಂಡೆ. ಕಳ್ಳಿ ಅಂದ್ರಿ."

ನಾನು ಬಗ್ಗಿ ಒಂದು ಎಲೆ ಎತ್ತಿ ನೋಡಿದೆ. ಅವಳು ಮಾತಾಡಿದಳು. ಇಪ್ಪತ್ತಾರು ವರ್ಷದಲ್ಲಿ ಒಂದೇ ಉಸಿರಿಗೆ ಅವಳು ಇಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ, ಅದನ್ನು ಇದ್ದಹಾಗೇ ಬರೆದಿಡುತ್ತೇನೆ.

"ಅವಳ ಕೈಯಲ್ಲಿ ಏನೂ ಬದುಕಲ್ಲ ಅಂತ ಊರಿಗೆಲ್ಲ ಹೇಳಿಕೊಂಡು ಬಂದ್ರಿ. ನೀವು ಹೇಳಿದ್ದು ಗಿಡಕ್ಕೆ. ನನಗೆ ಎರಡು ಮಕ್ಕಳು ನಿಲ್ಲಲಿಲ್ಲ ಹನೋರಾ, ನಿಮಗೆ ಗೊತ್ತು. ಆಗ ಊರು ಅದೇ ಮಾತನ್ನ ನನ್ನ ಹೊಟ್ಟೆಗೆ ಹೇಳಿತು. ಚರ್ಚಿನ ಮೆಟ್ಟಿಲ ಮೇಲೆ ಹೆಂಗಸರು ತಮ್ಮ ಕೂಸನ್ನ ಈ ತೋಳಿಂದ ಆ ತೋಳಿಗೆ ಬದಲಾಯಿಸ್ಕೊಳ್ಳೋರು, ನನ್ನ ಕೈಗೆ ಸಿಗದ ಹಾಗೆ. ನೀವು ಒಂದು ದಿನ ಬೇಡ್ರೇ ಅನ್ನಲಿಲ್ಲ."

ಆ ಎರಡು ಮಕ್ಕಳು ನಿಲ್ಲದೆ ಹೋದಾಗ ನಾನು ಅವಳಿಗೆ ಸೂಪು ಕಾಯಿಸಿ ಕೊಟ್ಟಿದ್ದೆ. ಅದನ್ನು ಹೇಳಬೇಕೆನ್ನಿಸಿತು. ಸೂಪು ಕೊಟ್ಟು ಬಂದು ಬೇಲಿಯ ಹತ್ತಿರ ಕನ್ಸೆಪ್ಟಾಗೆ ಏನು ಹೇಳಿದ್ದೆ ಅನ್ನುವುದೂ ಜತೆಗೇ ನೆನಪಾಯಿತು.

"ತೋಪು?" ಅಂದೆ ಕೊನೆಗೆ.

"ಮಾರ್ಚ್ ಹದಿನೆಂಟಕ್ಕೇ ಲಾವಿನ್‌ಗೆ ಆಗಲ್ಲ ಅಂದು ಕಳಿಸಿದ್ದೆ. ಊಟಕ್ಕೆ ಕೂತಾಗ ಅದನ್ನೇ ಹೇಳೋಕೆ ಬಂದೆ, ನೀವು ತಟ್ಟೆ ಎತ್ತಿಕೊಂಡು ಹೋದ್ರಿ. ನೋಟ್‌ಬುಕ್ ಹಿಡಿದು ಬಂದದ್ದೂ ಅದಕ್ಕೇ. ಮಾರಿದರೆ ಏನನ್ನ ಮಾರ್ತಿದ್ದೀನಿ ಅಂತ ನನಗೆ ಗೊತ್ತಿರಬೇಕಿತ್ತು. ಗೊತ್ತಾಯ್ತು, ಬೇಡ ಅನ್ನಿಸಿತು. ಆಮೇಲೆ ಆ ಗುಂಡಿ ನೋಡಿದೆ. ಒಂದು ಎಲೆ ಬಿಟ್ಟಿರಲಿಲ್ಲ ನೀವು. ಬರೀ ಗುಂಡಿ ಯಾರಿಗೋಸ್ಕರ ಇಟ್ಟುಕೊಳ್ಳಲಿ? ಫೋನು ಮಾಡಿ ಆಗಲಿ ಅಂದೆ."

"ವಾಪಸ್ ತಗೊಳ್ಳೋಕಾಗಲ್ವಾ?"

"ಶುಕ್ರವಾರ ಸಹಿ ಹಾಕಿದೆ."

ಬಾತಿನ ಮರಿಗಳು ನಮ್ಮಿಬ್ಬರ ಕಾಲ ನಡುವೆ ಓಡಾಡುತ್ತಿದ್ದವು. ಒಂಬತ್ತೂ ಇದ್ದವು.

೩ ಮೇ, ಶುಕ್ರವಾರ

ಗಿಡಗಳು ಎಲ್ಲಿ ಹೋದವು ಅಂತ ಅವಳಿಗೆ ಹೇಳಿದೆ. ಕೋಳಿ ವಿಷಯವನ್ನೂ. ಅವಳು ನಗುತ್ತಾಳೆ ಅಂದುಕೊಂಡಿದ್ದೆ. "ಟ್ರಿಲಿಯಂ ಕೂಡಾನಾ?" ಅಂದಳು. ನಾನು ಅವತ್ತು ಟ್ರಿಲಿಯಂಗೆ ಸುಳ್ಳು ಹೆಸರು ಹೇಳಿದ್ದೆ. ಸರಿಯಾದ ಹೆಸರು ಅವಳಿಗೆ ಮೊದಲೇ ಗೊತ್ತಿತ್ತು.

೧೧ ಜೂನ್, ಮಂಗಳವಾರ

ಬೆಳಿಗ್ಗೆಯಿಂದ ಗರಗಸದ ಸದ್ದು. ಹೇಜಲ್ ಮರಗಳು ಒಂದೊಂದಾಗಿ ಬೀಳುತ್ತಿವೆ. ಲಾವಿನ್ ಹೇಳಿದ್ದು ನಿಜ, ನನ್ನ ಕೋಣೆಯ ಕಿಟಕಿಯಿಂದ ಸರೋವರ ಚೆನ್ನಾಗಿ ಕಾಣುತ್ತದೆ. ಪರದೆ ಎಳೆದೆ.

ಮಧ್ಯಾಹ್ನ ಮಳೆ ಬಂತು. ಹದವಾದ ಜಿನುಗು ಮಳೆ, ಬುಡ ಬಿಡಿಸುವ ಮಳೆ. ಅಟ್ರಾಕ್ಟಾ ಬಾಗಿಲಲ್ಲಿ ನಿಂತು, "ಇವತ್ತು ಬಿಡಿಸಬೇಕು. ನಲವತ್ತಾರು ಬುಡ, ನನ್ನ ಕೈ ಎರಡೇ," ಅಂದಳು. ಕರೆದಳೋ ಹೇಳಿದಳೋ ಗೊತ್ತಾಗಲಿಲ್ಲ. ಗೋಣಿಚೀಲ ತಲೆ ಮೇಲೆ ಹಾಕಿಕೊಂಡು ಹೋದೆ.

ಅವಳು ಅಡುಗೆಮನೆ ಚಾಕುವಲ್ಲಿ ಕೊಯ್ಯುತ್ತಾಳೆ. ಅಮ್ಮ ಕೈಯಲ್ಲೇ ಬಿಡಿಸುತ್ತಿದ್ದರು, ನೀರಲ್ಲಿ ಅದ್ದಿ, ಬೇರು ತಾನಾಗಿ ಬಿಡುವ ತನಕ ಅಲ್ಲಾಡಿಸಿ. ತೋರಿಸಿದೆ. "ಹೀಗಾ?" ಅಂದಳು. "ಹಾಗಲ್ಲ, ಮೆತ್ತಗೆ," ಅಂದೆ. ಮೂರನೆಯದಕ್ಕೆ ಅವಳಿಗೆ ಬಂತು. ಮರ ಬಿದ್ದಾಗಲೆಲ್ಲ ಇಬ್ಬರೂ ಕೈ ನಿಲ್ಲಿಸುತ್ತಿದ್ದೆವು.

ಕೊನೆಯಲ್ಲಿ ಒಂದು ಒಳ್ಳೇ ಬುಡ, ಐದು ಕುಡಿ ಇದ್ದದ್ದು, ಒದ್ದೆ ಕಾಗದದಲ್ಲಿ ಸುತ್ತಿ ನನ್ನ ಮುಂದೆ ಹಿಡಿದಳು. "ಆ ಮೂಲೆ ಖಾಲಿ ಇದೆ. ಅಲ್ಲಿ ಮಧ್ಯಾಹ್ನ ಬಿಸಿಲು ಬರಲ್ಲ. ಹಾಕ್ಕೊಳ್ಳಿ."

ನಾನು ಹಿಡಿದುಕೊಂಡೆ. ಅವಳು ಬಿಡಲಿಲ್ಲ. ನನ್ನ ಮುಖ ನೋಡುತ್ತಾ ಕಾಯುತ್ತಿದ್ದಾಳೆ ಅಂತ ತಿಳಿಯಲು ಒಂದು ಗಳಿಗೆ ಬೇಕಾಯಿತು.

"ಹೇಳಬಾರದು," ಅಂದೆ. "ಹೇಳಿದರೆ ಗಿಡ ಉಳಿಯಲ್ಲ."

"ನಾನು ಹೇಳಿದ್ದೆ," ಅಂದಳು, ಗೋಡೆಯುದ್ದದ ಸಾಲಿನ ಕಡೆ ಕಣ್ಣು ಹಾಯಿಸಿ. "ಎಲ್ಲರೆದುರು, ಜೋರಾಗಿ."

ಕೈ ಬಿಟ್ಟು ಒಳಗೆ ಹೋದಳು. ನಾನು ಮೂಲೆಯಲ್ಲಿ ಮಂಡಿಯೂರಿ ಐದೂ ಕುಡಿ ನೆಟ್ಟೆ. ಗಂಡು ಬಾತು ಹತ್ತಿರ ಬಂದು ನಿಂತು ನೋಡಿತು, ಕಚ್ಚಲಿಲ್ಲ.

೩೦ ಜೂನ್, ಭಾನುವಾರ

ಲಾವಿನ್‌ನ ಜನ ತೋಪಿನಲ್ಲಿ ಅಡಿಪಾಯ ತೆಗೆಯುತ್ತಿದ್ದಾರೆ. ಚರ್ಚಿನಿಂದ ಬರುವಾಗ ಕನ್ಸೆಪ್ಟಾಳ ಸೊಸೆ ತನ್ನ ಕೂಸನ್ನು ಎತ್ತಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದಳು. ಕೊಡು ಇಲ್ಲಿ ಅಂತ ಇಸಕೊಂಡು, ಏನೂ ಹೇಳದೆ ಅಟ್ರಾಕ್ಟಾಳ ತೋಳಿಗೆ ಹಾಕಿದೆ. ಸೊಸೆ ಅತ್ತೆಯ ಮುಖ ನೋಡಿದಳು, ಕನ್ಸೆಪ್ಟಾ ನನ್ನ ಮುಖ ನೋಡಿದಳು. ಮೊಣಕಾಲು ನೋಯುತ್ತಿತ್ತು, ಭಾರ ಎತ್ತಲಾಗುತ್ತಿರಲಿಲ್ಲ, ಅದಕ್ಕೇ ಕೊಟ್ಟದ್ದು.

ಐದು ಕುಡಿಯಲ್ಲಿ ನಾಲ್ಕು ಹೊಸ ಎಲೆ ಬಿಟ್ಟಿವೆ. ಐದನೆಯದು ಸುಮ್ಮನೆ ಕೂತಿದೆ, ದಿನಾ ಎರಡು ಸಲ ಹೋಗಿ ನೋಡುತ್ತೇನೆ. ಬಾತುಗಳಿಗೆ ಬೆಳಗಿನ ಕಾಳು ಈಗ ನಾನೇ ಹಾಕುವುದು, ಆ ಕಡೆ ಹೇಗೂ ಹೋಗಿರುತ್ತೇನಲ್ಲ.

ಅವಳಿಗೆ ಆ ಮಾತು ಇನ್ನೂ ಹೇಳಿಲ್ಲ. ಇವತ್ತು ಟೀ ಕುಡಿಯುವಾಗ ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಐದನೆಯದೂ ಬೇರು ಹಿಡಿಯಲಿ ಮೊದಲು.